ಬೆನ್ನಿನ ಸ್ನಾಯು ಹಾರ್ಟಿಗೆ ಸುತ್ತೋ ಆಪರೇಷನ್ನು: ಹೋರಿ ಪಳಗಿತು, ಉಳುಮೆ ಯಾಕೆ ನಿಂತೋಯ್ತು?

ಪ್ರಶ್ನೆ: ಸಾರ್, ನಮ್ಮದು ಮೂಡಿಗೆರೆ ಹತ್ರ. ಅಪ್ಪನಿಗೆ 61 ವರ್ಷ, ಎಸ್ಟೇಟಲ್ಲಿ ರೈಟರ್ ಆಗಿದ್ರು. ಎರಡು ವರ್ಷದ ಹಿಂದೆ ಹಾರ್ಟ್ ಅಟ್ಯಾಕ್ ಆಗಿ ಸ್ಟೆಂಟ್ ಹಾಕ್ಸಿದ್ವಿ, ಈಗ ಎಕೋ ಮಾಡ್ಸಿದ್ರೆ ಇ.ಎಫ್ (ಒಂದು ಬಡಿತಕ್ಕೆ ಹಾರ್ಟ್ ತನ್ನಲ್ಲಿರೋ ರಕ್ತದಲ್ಲಿ ಶೇಕಡಾ ಎಷ್ಟು ಹೊರಗೆ ತಳ್ಳುತ್ತೆ ಅನ್ನೋ ಲೆಕ್ಕ) 25 ಅಂತಾರೆ, ಮನೆ ಮೆಟ್ಲು ಹತ್ತಿದ್ರೆ ಏದುಸಿರು. ಬೆನ್ನಿನ ಮಾಂಸಖಂಡ ಬಿಡಿಸಿ ಹಾರ್ಟಿಗೆ ಸುತ್ತಿ, ಕರೆಂಟ್ ಕೊಟ್ಟು ಟ್ರೈನಿಂಗ್ ಮಾಡಿ, ಅದೂ ಹಾರ್ಟ್ ಥರಾನೇ ಬಡಿಯೋ ಹಾಗೆ ಮಾಡ್ತಾರೆ ಅಂತ ಒಂದು ವಿಡಿಯೋ ನೋಡಿದೆ. ನಿಜಾನಾ? ನಿಜ ಆದ್ರೆ ನಮ್ಮ ಕಡೆ ಯಾಕೆ ಮಾಡಲ್ಲ, ಮಷಿನ್ ಮಾರೋ ಕಂಪನಿಯವ್ರು ಮುಚ್ಚಿಟ್ಟಿದಾರಾ? ಮನೇಲಿ ಅಜ್ಜಿ ಮಂಡಿನೋವಿಗೆ ಅಂತ ತಂದ, ಚರ್ಮದ ಮೇಲಿಂದ ಸಣ್ಣ ಕರೆಂಟ್ ಕೊಡೋ ಟೆನ್ಸ್ ಮಷಿನ್ ಇದೆ, ಅದನ್ನ ಅಪ್ಪನ ಬೆನ್ನಿಗೆ ಹಾಕಿ ಈಗಿಂದಾನೇ ಸ್ನಾಯು ರೆಡಿ ಮಾಡ್ಬಹುದಾ?

ಉತ್ತರ: ನೋಡಮ್ಮ, ಮೊದ್ಲು ಕೊನೇ ಪ್ರಶ್ನೆಗೆ ಹೇಳ್ಬಿಡ್ತೀನಿ, ಆಮೇಲೆ ಮಿಕ್ಕಿದ್ದು. ಆ ಟೆನ್ಸ್ ಮಷಿನ್ನನ್ನ ಅಪ್ಪನ ಮೈಗೆ ಮುಟ್ಟಿಸ್ಬೇಡಿ. ಯಾಕೆ ಅಂತ ಕೆಳಗೆ ಬರುತ್ತೆ. ವಿಡಿಯೋದಲ್ಲಿ ಹೇಳಿದ್ದು ಸುಳ್ಳಲ್ಲ, ಆ ಆಪರೇಷನ್ನಿಗೆ ಡೈನಾಮಿಕ್ ಕಾರ್ಡಿಯೋಮಯೋಪ್ಲಾಸ್ಟಿ ಅಂತ ಹೆಸರು, 1985ರಲ್ಲಿ ಪ್ಯಾರಿಸ್ಸಲ್ಲಿ ಮೊದಲ ಸಲ ಮನುಷ್ಯರಿಗೆ ಮಾಡಿದ್ರು, ಆಮೇಲೆ ಹತ್ತು ಹದಿನೈದು ವರ್ಷದಲ್ಲಿ ಬೇರೆ ಬೇರೆ ದೇಶ ಸೇರಿ ನೂರಾರು ಜನಕ್ಕೆ ಆಯ್ತು. ಯಾರೂ ಮುಚ್ಚಿಟ್ಟಿಲ್ಲ. ಸ್ನಾಯುವಿಗೆ ಕರೆಂಟ್ ಕೊಡೋ ಮಷಿನ್ನನ್ನ ಮಾಡಿದ್ದೇ ಮೆಡ್ಟ್ರಾನಿಕ್ ಅನ್ನೋ ದೊಡ್ಡ ಕಂಪನಿ, ಮುಚ್ಚಿಡೋದಾಗಿದ್ರೆ ಅದಕ್ಕೆ ದುಡ್ಡು ಯಾಕೆ ಸುರೀತಿದ್ರು. ಆ ಆಪರೇಷನ್ ನಿಂತುಹೋಗಿದ್ದಕ್ಕೆ ಕಾರಣ ಆ ಸ್ನಾಯುವಿನ ಒಳಗೇ ಇದೆ.

ನಾನು ಹಾರ್ಟ್ ಸರ್ಜನ್ ಅಲ್ಲ, ಅದು ತಿಳಿದಿರ್ಲಿ. ಹಾಸನದವನು, ಜೀವಮಾನವೆಲ್ಲ ಮೆಡಿಕಲ್ ಹುಡುಗ್ರಿಗೆ ಫಿಸಿಯಾಲಜಿ ಪಾಠ ಹೇಳ್ದೋನು, ಸ್ನಾಯು ನನ್ನ ಸಬ್ಜೆಕ್ಟು. ನಮ್ಮ ಕಾಲದ ಪ್ರಾಕ್ಟಿಕಲ್ಲಿಂದಾನೇ ಶುರು ಮಾಡ್ತೀನಿ, ಅದನ್ನ ನೋಡಿದ್ರೆ ನಿಮ್ಮ ಅರ್ಧ ಪ್ರಶ್ನೆ ತಾನಾಗೇ ಬಿಡಿಸ್ಕೊಳ್ಳುತ್ತೆ.

ಆಗೆಲ್ಲ ಕಪ್ಪೆ ಇತ್ತು. ಕಪ್ಪೆ ಮೀನಖಂಡದ ಸ್ನಾಯುವನ್ನ ಅದರ ನರದ ಸಮೇತ ಬಿಡಿಸಿ ಒಂದು ಸಣ್ಣ ತೊಟ್ಟಿಯಲ್ಲಿ ಕಟ್ತಿದ್ವಿ, ಇನ್ನೊಂದು ತುದೀನ ಸನ್ನೆಕೋಲಿನ ಥರದ ಒಂದು ಕಡ್ಡಿಗೆ. ಆ ಕಡ್ಡಿ ಮೂತಿ ಒಂದು ತಿರುಗೋ ಡ್ರಮ್ಮಿನ ಮೇಲೆ ಗೀಚ್ತಾ ಹೋಗುತ್ತೆ, ಡ್ರಮ್ಮಿಗೆ ಹೊಳಪಿನ ಕಾಗದ ಸುತ್ತಿ ಹೊಗೆ ಹಿಡಿಸಿ ಮಸಿ ಮಾಡಿರ್ತೀವಿ, ಅಟೆಂಡರ್ ಬೆಳಿಗ್ಗೆನೇ ಹೊಗೆ ಹಿಡಿಸಿ ಕೂತಿರೋನು, ಪ್ರಾಕ್ಟಿಕಲ್ ಮುಗಿಯೋ ಹೊತ್ತಿಗೆ ಎಲ್ರ ಬಿಳಿ ಕೋಟಿನ ತೋಳೂ ಕಪ್ಪು. ನರಕ್ಕೆ ಒಂದು ಶಾಕ್ ಕೊಟ್ರೆ ಸ್ನಾಯು ಟಪ್ ಅಂತ ಎಳೆದು ಬಿಡುತ್ತೆ, ಮಸಿ ಮೇಲೆ ಒಂದು ಬಿಳೀ ಗುಡ್ಡ. ಸೆಕೆಂಡಿಗೊಂದರ ಹಾಗೆ ಕೊಡ್ತಾ ಹೋಗಿ. ಮೊದಲ ಕೆಲವು ಗುಡ್ಡ ಎತ್ತರಕ್ಕೆ ಬರ್ತವೆ, ಆಮೇಲೆ ಗಿಡ್ಡ ಆಗ್ತಾ ಅಗಲ ಆಗ್ತಾ ಹೋಗ್ತವೆ, ಎಳೆದ ಸ್ನಾಯು ಪೂರ್ತಿ ಸಡಿಲಾಗೋದನ್ನೂ ಮರೆಯುತ್ತೆ, ಸ್ವಲ್ಪ ಹೊತ್ತಿಗೆ ಗೆರೆ ಮಲಗಿಬಿಡುತ್ತೆ. ಅಷ್ಟರಲ್ಲಿ ಪಕ್ಕದ ಟೇಬಲ್ಲಲ್ಲಿ ಅದೇ ಕಪ್ಪೆಯ ಹಾರ್ಟು, ದೇಹ ಇಲ್ಲ ನರ ಇಲ್ಲ, ಎರಡು ಹನಿ ಉಪ್ಪುನೀರಲ್ಲಿ ತನ್ನ ಪಾಡಿಗೆ ಬಡ್ಕೊಂಡು ಕೂತಿರುತ್ತೆ. ನಾವು ಕ್ಯಾಂಟೀನಿಗೆ ಹೋಗಿ ಕಾಫಿ ಕುಡಿದು ಬಂದ್ರೂ ಬಡೀತಾನೇ ಇರ್ತಿತ್ತು.

ಎರಡೂ ಸ್ನಾಯುನೇ. ಒಂದು ಕೆಲವೇ ನಿಮಿಷದಲ್ಲಿ ಸುಸ್ತು, ಇನ್ನೊಂದು ಸುಸ್ತೇ ಗೊತ್ತಿಲ್ಲದ್ದು. ನಿಮಿಷಕ್ಕೆ 72 ಅಂತ ಲೆಕ್ಕ ಹಾಕಿದ್ರೂ ಮನುಷ್ಯನ ಹಾರ್ಟು ದಿನಕ್ಕೆ ಒಂದು ಲಕ್ಷದ ಮೇಲೆ ಬಡಿಯುತ್ತೆ, ಭಾನುವಾರ ಇಲ್ಲ ಯುಗಾದಿ ಇಲ್ಲ. ಹಾರ್ಟಿನ ಕೋಶದ ಒಳಗೆ ಜಾಗದ ಮೂರನೇ ಒಂದು ಭಾಗದಷ್ಟು ಮೈಟೋಕಾಂಡ್ರಿಯಾನೇ ತುಂಬಿರುತ್ತೆ, ಅಂದ್ರೆ ಆಕ್ಸಿಜನ್ನಲ್ಲಿ ಆಹಾರ ಉರಿಸಿ ಶಕ್ತಿ ಮಾಡೋ ಒಲೆಗಳು. ಕೈಕಾಲು ಬೆನ್ನಿನ ಸ್ನಾಯುವಲ್ಲಿ ಅದು ತೀರಾ ಕಮ್ಮಿ. ಇನ್ನೊಂದು ದೊಡ್ಡ ವ್ಯತ್ಯಾಸ, ಹಾರ್ಟಿನ ಕೋಶಗಳು ಒಂದಕ್ಕೊಂದು ಕೈ ಹಿಡ್ಕೊಂಡಿವೆ, ಒಂದಕ್ಕೆ ಶಾಕ್ ತಗುಲಿದ್ರೆ ಎಲ್ಲಕ್ಕೂ ಹರಿಯುತ್ತೆ, ಒಂದೇ ಸಿಗ್ನಲ್ಲಿಗೆ ಪೂರ್ತಿ ಹಿಂಡುತ್ತೆ. ಬೆನ್ನಿನ ಸ್ನಾಯುವಿಗೆ ಒಂದು ಪಲ್ಸ್ ಕೊಟ್ರೆ ಬರೋದು ಒಂದು ಸಣ್ಣ ಸೆಳೆತ ಅಷ್ಟೇ, ಸರಿಯಾಗಿ ಹಿಂಡ್ಬೇಕು ಅಂದ್ರೆ ಒಂದರ ಹಿಂದೆ ಒಂದು ಪಲ್ಸಿನ ಗೊಂಚಲನ್ನೇ ಕೊಡ್ಬೇಕು, ಸೆಳೆತದ ಮೇಲೆ ಸೆಳೆತ ಕೂಡಿ ಒಂದು ಗಟ್ಟಿ ಹಿಡಿತ ಆಗುತ್ತೆ.

ಹಾಗಿದ್ರೂ ಸರ್ಜನ್ಗಳಿಗೆ ಈ ಆಸೆ ಹಳೇದು. 1959ರಲ್ಲೇ ಅಮೆರಿಕದ ಏಡ್ರಿಯನ್ ಕ್ಯಾಂಟ್ರೋವಿಟ್ಜ್, ಐಸಿಯುನಲ್ಲಿ ಹಾಕೋ ಬಲೂನ್ ಪಂಪ್ ಕೇಳಿರ್ತೀರಲ್ಲ ಅದನ್ನ ಮೊದಲು ರೋಗಿಗಳಿಗೆ ಬಳಸಿದ ಪುಣ್ಯಾತ್ಮ, ನಾಯಿಯ ವಪೆಯ, ಅಂದ್ರೆ ಎದೆ ಹೊಟ್ಟೆ ಮಧ್ಯದ ಪರದೆಯ, ಸ್ನಾಯುವನ್ನ ರಕ್ತ ಪರಿಚಲನೆಗೆ ಒತ್ತಾಸೆಯಾಗಿ ದುಡಿಸಿ ನೋಡಿದ್ರು. ದುಡೀತು, ಸುಸ್ತಾಯ್ತು, ನಿಲ್ತು. ನಮ್ಮ ಡ್ರಮ್ಮಿನ ಮೇಲಿನ ಗೆರೆ ಮಲಗಿದ ಹಾಗೇನೇ. ಅಲ್ಲಿಗೆ ಕಥೆ ಮುಗೀಬೇಕಿತ್ತು.

ಮುಗೀದೆ ಇರೋದಕ್ಕೆ ಕಾರಣ ಹಾರ್ಟಿಗೂ ತನಗೂ ಸಂಬಂಧನೇ ಇಲ್ಲದ ಒಂದು ಪ್ರಯೋಗ. 1960ರಲ್ಲಿ ಜಾನ್ ಎಕ್ಲಿಸ್ ಮತ್ತು ಜೊತೆಯವರು, ಈ ಎಕ್ಲಿಸ್ಗೆ 1963ರಲ್ಲಿ ನೊಬೆಲ್ ಬಂತು, ಬೆಕ್ಕಿನ ಕಾಲಲ್ಲಿ ಚುರುಕು ಸ್ನಾಯುವಿನ ನರವನ್ನೂ ನಿಧಾನದ ಸ್ನಾಯುವಿನ ನರವನ್ನೂ ಕತ್ತರಿಸಿ ಅದಲು ಬದಲು ಜೋಡಿಸಿದ್ರು. ಆಶ್ಚರ್ಯ ಅಂದ್ರೆ ಚುರುಕಾಗಿದ್ದದ್ದು ನಿಧಾನ ಆಯ್ತು, ನಿಧಾನದ್ದು ಚುರುಕಾಯ್ತು. ಅಂದ್ರೆ ಸ್ನಾಯುವಿನ ಸ್ವಭಾವ ಹುಟ್ಟುಗುಣ ಅಲ್ಲ, ನರ ಏನು ಹೇಳಿ ಕೊಡುತ್ತೋ ಅದು. ನರದಿಂದ ಯಾವುದೋ ರಾಸಾಯನಿಕ ಇಳೀತಿರ್ಬೇಕು ಅಂತ ಆಗ ತುಂಬಾ ಜನ ಅಂದ್ಕೊಂಡಿದ್ರು. 1969ರಲ್ಲಿ ಸ್ಟ್ಯಾನ್ಲಿ ಸಾಮನ್ಸ್ ಮತ್ತು ಗೆರ್ಟಾ ವರ್ಬೋವಾ ಅನ್ನೋ ಇಬ್ರು ಇನ್ನೂ ಸರಳ ಮಾಡಿ ತೋರಿಸಿದ್ರು. ನರ ಕತ್ತರಿಸೋದೇ ಬೇಡ, ಮೊಲದ ಚುರುಕು ಸ್ನಾಯುವಿನ ನರಕ್ಕೆ ಒಂದು ಪುಟ್ಟ ಸ್ಟಿಮ್ಯುಲೇಟರ್ ಕೂರಿಸಿ ನಿಧಾನದ ಲಯದಲ್ಲಿ, ಸೆಕೆಂಡಿಗೆ ಹತ್ತರ ಹಾಗೆ, ಹಗಲೂ ರಾತ್ರಿ ವಾರಗಟ್ಲೆ ಟಿಕ್ ಟಿಕ್ ಅಂತ ಕೊಡ್ತಾ ಇದ್ರೆ ಸಾಕು, ಸ್ನಾಯು ತಾನಾಗೇ ನಿಧಾನದ ಜಾತಿಗೆ ತಿರುಗುತ್ತೆ. ಹಂಗೆ ತಿರುಗಿದ ಸ್ನಾಯುವಿಗೆ ಸುಸ್ತು ಬರಲ್ಲ. ಹಾರ್ಟ್ ಸರ್ಜನ್ಗಳ ಕಿವಿ ನೆಟ್ಟಗಾಗಿದ್ದು ಇಲ್ಲಿ.

ಒಳಗೆ ಏನು ನಡೆಯುತ್ತೆ ಅನ್ನೋದೇ ನನಗೆ ಇಷ್ಟವಾದ ಭಾಗ, ಸ್ವಲ್ಪ ಸಹಿಸ್ಕೊಳ್ಳಿ. ಬದಲಾವಣೆ ಒಂದೇ ಸಲ ಬರಲ್ಲ, ಸರದಿ ಇದೆ. ಮೊದಲು ಬೆಳೆಯೋದು ಕೂದಲೆಳೆ ರಕ್ತನಾಳ, ಕೆಲವೇ ದಿನಕ್ಕೆ ಎಳೆಗಳ ಸುತ್ತ ಜಾಸ್ತಿ ಕಾಣ್ತವೆ. ಆಮೇಲೆ ಮೈಟೋಕಾಂಡ್ರಿಯಾ ಏರುತ್ತೆ, ವಾರಗಳ ಲೆಕ್ಕ. ಅದರ ಜೊತೆಜೊತೆಗೇ ಕ್ಯಾಲ್ಸಿಯಂ ಎತ್ತೋ ಪಂಪು ಬದಲಾಗುತ್ತೆ. ಸ್ನಾಯು ಹಿಂಡ್ಬೇಕಾದ್ರೆ ಕ್ಯಾಲ್ಸಿಯಂ ಹೊರಬರ್ಬೇಕು, ಬಿಡ್ಬೇಕಾದ್ರೆ ವಾಪಸ್ ಒಳಗೆ ಎತ್ತಿಡ್ಬೇಕು, ಚುರುಕು ಸ್ನಾಯುವಲ್ಲಿ ಎತ್ತೋ ಪಂಪು ಜಾಸ್ತಿ, ವೇಗವೂ ಜಾಸ್ತಿ, ತಿರುಗಿದ ಸ್ನಾಯುವಲ್ಲಿ ಕಮ್ಮಿ, ಅದೂ ಹಾರ್ಟಲ್ಲಿರೋ ನಮೂನೆಯದು. ಕೊನೇಲಿ ಮಯೋಸಿನ್, ಅಂದ್ರೆ ಎಳೆಯೋ ಕೆಲಸ ಮಾಡೋ ಪ್ರೋಟೀನೇ, ಚುರುಕಿನದ್ದು ಹೋಗಿ ನಿಧಾನದ್ದು ಬಂದು ಕೂರುತ್ತೆ. ಕರೆಂಟ್ ನಿಲ್ಲಿಸಿದ್ರೆ ಇಡೀ ಮೆರವಣಿಗೆ ವಾಪಸ್ ಹೊರಡುತ್ತೆ, ಕೆಲವು ವಾರ ತಿಂಗಳಲ್ಲಿ ಸ್ನಾಯು ತನ್ನ ಹಳೇ ಚಾಳಿಗೆ ಬರುತ್ತೆ. ಅಂದ್ರೆ ಕಲಿಸಿದ್ದು ಶಾಶ್ವತ ಅಲ್ಲ, ದಿನಾ ಹೇಳ್ತಾನೇ ಇರ್ಬೇಕು.

ಈ ಪಳಗಿಸೋ ಕ್ರಮ ನೋಡಿದಾಗೆಲ್ಲ ನನಗೆ ನಮ್ಮಜ್ಜ ಹೋರಿ ಪಳಗಿಸ್ತಿದ್ದದ್ದೇ ನೆನಪು. ನಮ್ಮ ಕಡೆ ಅಮೃತ್ ಮಹಲ್ ತಳಿ, ಅಜ್ಜಂಪುರದ ಕಡೆಯಿಂದ ಬಂದ ರಕ್ತ, ಓಟಕ್ಕೆ ಹೆಸರಾಗಿದ್ದದ್ದು, ಕೊಂಬು ನೋಡಿದ್ರೆ ಭಯ ಆಗ್ಬೇಕು. ಅಂಥ ಹೋರೀನ ತಂದ ದಿನಾನೇ ನೇಗಿಲಿಗೆ ಕಟ್ಟಿದ್ರೆ ಒಂದೋ ಅದು ನೊಗ ಮುರಿಯುತ್ತೆ ಇಲ್ಲ ಕಾಲು ಮುರ್ಕೊಳ್ಳುತ್ತೆ. ಅಜ್ಜ ಮೊದಲು ಕೆಲವು ದಿನ ಸುಮ್ನೆ ಕೊಟ್ಟಿಗೇಲಿ ಮೈ ತಡವಿ ಬಿಡ್ತಿದ್ರು. ಆಮೇಲೆ ಹಳೇ ಎತ್ತಿನ ಜೊತೆ ಬರೀ ನೊಗ ಹೊರಿಸಿ ನಡೆಸೋದು, ಆಮೇಲೆ ಒಂದು ಮರದ ದಿಮ್ಮಿ ಎಳೆಸೋದು, ಆಮೇಲೆ ಖಾಲಿ ಗಾಡಿ, ಕೊನೆಗೆ ನೇಗಿಲು.

ಪ್ಯಾರಿಸ್ಸಿನ ಅಲೆನ್ ಕಾರ್ಪೆಂಟಿಯೇ ಮತ್ತು ಹ್ವಾನ್ ಕಾರ್ಲೋಸ್ ಚಾಚ್ಕೆಸ್ ಮನುಷ್ಯರ ಮೇಲೆ ಮಾಡಿದ್ದು ಹೆಚ್ಚುಕಮ್ಮಿ ಇದೇ. ಬೆನ್ನಿನ ಎಡಭಾಗದ ಲ್ಯಾಟಿಸಿಮಸ್ ಡಾರ್ಸೈ, ಜಿಮ್ ಹುಡುಗ್ರು ವಿಂಗ್ಸ್ ಅಂತ ತೋರಿಸ್ಕೊಂಡು ತಿರುಗೋ ಆ ಅಗಲದ ಸ್ನಾಯು, ಅದನ್ನ ಸೊಂಟದ ಕಡೆಯಿಂದ ಬಿಡಿಸಿ, ಕಂಕುಳ ಹತ್ರ ಇರೋ ಅದರ ಮುಖ್ಯ ರಕ್ತನಾಳ ಮತ್ತು ನರದ ಜುಟ್ಟನ್ನ ಮಾತ್ರ ಕಡಿಯದೆ ಉಳಿಸಿ, ಮೇಲಿನ ಪಕ್ಕೆಲುಬಿನ ಒಂದು ತುಂಡು ತೆಗೆದು ಕಿಟಕಿ ಮಾಡಿ, ಆ ಕಿಟಕೀಲಿ ಸ್ನಾಯುವನ್ನ ಎದೆಗೂಡಿನ ಒಳಗೆ ತೂರಿಸಿ, ಆಮೇಲೆ ರೋಗೀನ ಅಂಗಾತ ಮಲಗಿಸಿ ಎದೆ ತೆರೆದು ಹಾರ್ಟಿನ ಸುತ್ತ ಶಾಲು ಹೊದಿಸಿದ ಹಾಗೆ ಸುತ್ತಿ ಹೊಲಿಯೋದು. ಸ್ನಾಯುವಲ್ಲಿ ಎರಡು ಎಲೆಕ್ಟ್ರೋಡು, ಹಾರ್ಟಿನ ಬಡಿತ ಕೇಳಿಸ್ಕೊಳ್ಳೋಕೆ ಇನ್ನೊಂದು ವೈರು, ಹೊಟ್ಟೆಯ ಚರ್ಮದ ಕೆಳಗೆ ಪೇಸ್ಮೇಕರಿನ ಅಣ್ಣನ ಥರದ್ದೊಂದು ಡಬ್ಬಿ. ಮೊದಲ ರೋಗಿ ಹಾರ್ಟಲ್ಲೇ ಗೆಡ್ಡೆ ಬೆಳೆದಿದ್ದ ಒಬ್ಬ ಹೆಣ್ಣುಮಗಳು, ಗೆಡ್ಡೆ ತೆಗೆದ ಜಾಗಕ್ಕೆ ಈ ಸ್ನಾಯು ಕೂರಿಸಿದ್ರು.

ಆಪರೇಷನ್ ಆದ ಮೇಲೆ ಎರಡು ವಾರ ಕರೆಂಟೇ ಇಲ್ಲ. ಸ್ನಾಯು ಹಾರ್ಟಿಗೆ ಅಂಟ್ಕೊಳ್ಳಲಿ, ಕಡಿದುಹೋದ ರಕ್ತನಾಳಗಳ ಬದಲು ಹೊಸವು ಸ್ವಲ್ಪ ಚಿಗುರಲಿ ಅಂತ. ಇದು ಕೊಟ್ಟಿಗೇಲಿ ಮೈ ತಡವೋ ಹಂತ. ಆಮೇಲೆ ಒಂದೊಂದೇ ಪಲ್ಸು, ಅದೂ ಎರಡು ಬಡಿತಕ್ಕೆ ಒಂದು ಸಲ. ಎರಡೆರಡು ವಾರಕ್ಕೆ ಏರಿಸ್ತಾ ಏರಿಸ್ತಾ ಹೋಗಿ ಮೂರು ತಿಂಗಳ ಹೊತ್ತಿಗೆ ಒಂದು ಗೊಂಚಲಿಗೆ ಆರು ಪಲ್ಸು, ಸೆಕೆಂಡಿಗೆ 30ರ ವೇಗದಲ್ಲಿ, ಅಂದ್ರೆ ಇಡೀ ಗೊಂಚಲು ಸೆಕೆಂಡಿನ ಆರನೇ ಒಂದು ಭಾಗದಲ್ಲಿ ಮುಗೀತು, ಹಾರ್ಟ್ ಹಿಂಡೋ ಕ್ಷಣಕ್ಕೆ ಸರಿಯಾಗಿ. ಆ ಹೊತ್ತಿಗೆ ಸ್ನಾಯು ಎರಡು ಬಡಿತಕ್ಕೊಮ್ಮೆ ದಿನಪೂರ್ತಿ ದುಡಿದ್ರೂ ಸುಸ್ತಾಗ್ತಿರ್ಲಿಲ್ಲ. ಹೋರಿ ಪಳಗಿತು ನೋಡಿ. ಇನ್ನೊಬ್ಬರ ಅಂಗ ಬೇಡ, ಕಸಿ ಆದ ಮೇಲೆ ಜೀವಮಾನ ನುಂಗೋ ಮಾತ್ರೆ ಬೇಡ, ಗೋಡೆಗೆ ಚಾರ್ಜರ್ ಸಿಕ್ಕಿಸೋದು ಬೇಡ. ಮಳೆಗಾಲದಲ್ಲಿ ನಿಮ್ಮೂರಲ್ಲಿ ಮರ ಬಿದ್ದು ಮೂರು ದಿನ ಕರೆಂಟ್ ಇರಲ್ವಲ್ಲ, ಆ ಲೆಕ್ಕದಲ್ಲಿ ನೋಡಿದ್ರೆ ಇಂಥ ಐಡಿಯಾ ಇನ್ನೊಂದಿಲ್ಲ.

ಹಾಗಾದ್ರೆ ಎಡವಿದ್ದು ಎಲ್ಲಿ?

ಪಳಗಿಸಿದ್ದು ಜಾಸ್ತಿ ಆಯ್ತು. ನಾನು ಹೇಳೋದು ಇದೊಂದೇ, ಮಿಕ್ಕಿದ್ದೆಲ್ಲ ಇದರ ಬಾಲ. ಸುಸ್ತಾಗದ ಗುಣ ಬಿಟ್ಟಿ ಬರಲ್ಲ. ಸ್ನಾಯು ಪೂರ್ತಿ ನಿಧಾನದ ಜಾತಿಗೆ ತಿರುಗಿದಾಗ ಎಳೆಗಳು ಸಣಕಲಾಗ್ತವೆ, ಹಿಂಡೋ ಬಲ ಇಳಿಯುತ್ತೆ, ಹಿಂಡೋ ವೇಗ ಇನ್ನೂ ಇಳಿಯುತ್ತೆ. ಪವರ್ ಅಂದ್ರೆ ಬಲ ಗುಣಿಸು ವೇಗ, ಎರಡೂ ಇಳಿದ್ರೆ ಗುಣಲಬ್ಧ ಎಷ್ಟು ಇಳಿಯುತ್ತೆ ಲೆಕ್ಕ ಹಾಕಿ. ಹಾರ್ಟ್ ಹಿಂಡೋದಕ್ಕೆ ಸಿಗೋ ಸಮಯ ಒಂದು ಸೆಕೆಂಡಿನ ಮೂರನೇ ಒಂದು ಭಾಗ, ಅಷ್ಟರಲ್ಲಿ ಈ ನಿಧಾನದ ಸ್ನಾಯು ಹಿಂಡೋಕೆ ಶುರು ಮಾಡಿ ತುದಿ ಮುಟ್ಟೋದೇ ಕಷ್ಟ, ಅದಕ್ಕಿಂತ ಕೆಟ್ಟದ್ದು ಅಂದ್ರೆ ಬಿಡೋದು ತಡ ಆಗುತ್ತೆ. ಹಾರ್ಟ್ ರಕ್ತ ತುಂಬ್ಕೊಳ್ಳೋಕೆ ಅಗಲ ಆಗ್ಬೇಕಾದ ಹೊತ್ತಲ್ಲಿ ಈ ಶಾಲು ಇನ್ನೂ ಬಿಗಿಯಾಗೇ ಇದ್ರೆ ಸಹಾಯಕ್ಕೆ ಬಂದವನು ಬಾಗಿಲಿಗೆ ಅಡ್ಡ ನಿಂತ ಹಾಗೆ. ಓಡೋ ಅಮೃತ್ ಮಹಲ್ಲನ್ನ ಪಳಗಿಸಿ ಪಳಗಿಸಿ ಗಾಣದ ಎತ್ತು ಮಾಡಿಬಿಟ್ರು.

ಎರಡನೇದು ರಕ್ತ. ಈ ಸ್ನಾಯುವಿನ ಮೇಲಿನ ಭಾಗಕ್ಕೆ ಕಂಕುಳ ಕಡೆಯ ನಾಳದಿಂದ ರಕ್ತ ಬರುತ್ತೆ, ಕೆಳಗಿನ ಅಗಲದ ಭಾಗಕ್ಕೆ ಪಕ್ಕೆಲುಬುಗಳ ಮಧ್ಯದಿಂದ ಬರೋ ಸಣ್ಣ ಸಣ್ಣ ನಾಳಗಳ ಆಸರೆ. ಬಿಡಿಸುವಾಗ ಆ ಸಣ್ಣವು ಎಲ್ಲಾ ಕಡಿದು ಹೋಗ್ತವೆ. ಹಾರ್ಟಿಗೆ ಸುತ್ತಿ ಕೆಲಸ ಮಾಡಿಸೋದೂ ಅದೇ ಕೆಳಭಾಗದಿಂದ. ಸೊಪ್ಪು ಹಾಕದೆ ಗಾಡಿ ಎಳೆಸಿದ ಹಾಗಾಯ್ತು, ಕೆಲವರಲ್ಲಿ ಆ ಭಾಗ ಸೊರಗಿ ಜಾಗದಲ್ಲಿ ಕೊಬ್ಬು ತುಂಬ್ಕೊಳ್ತು, ಕೊಬ್ಬು ಹಿಂಡುತ್ತಾ?

ಮೂರನೇದು ನಿಮ್ಮ ತಂದೆಯ ವಿಷಯಕ್ಕೆ ನೇರ ತಗುಲೋದು. ಸ್ನಾಯು ದುಡಿಮೆಗೆ ಬರೋಕೆ ಮೂರು ತಿಂಗಳು. ಹಾರ್ಟ್ ತುಂಬಾ ಸೋತೋರು, ಮಲಗಿದಲ್ಲೇ ಉಸಿರು ಕಟ್ಟೋರು, ಇಷ್ಟು ದೊಡ್ಡ ಆಪರೇಷನ್ ತಡ್ಕೊಂಡು ಅಷ್ಟು ದಿನ ಏನೂ ಸಹಾಯ ಇಲ್ಲದೆ ಕಾಯೋಕಾಗ್ಲಿಲ್ಲ, ಅಂಥೋರಲ್ಲಿ ಸಾವು ಜಾಸ್ತಿ ಆಯ್ತು. ಸ್ವಲ್ಪ ಪರವಾಗಿಲ್ಲ ಅನ್ನೋರಲ್ಲಿ ಆಪರೇಷನ್ ಚೆನ್ನಾಗೇ ಆಗ್ತಿತ್ತು, ಆದ್ರೆ ಅವರಿಗೆ ಅಷ್ಟು ದೊಡ್ಡ ಆಪರೇಷನ್ ಬೇಕಿತ್ತಾ ಅನ್ನೋ ಪ್ರಶ್ನೆ. ಯಾರಿಗೆ ತೀರಾ ಬೇಕೋ ಅವರಿಗೆ ಆಗಲ್ಲ, ಯಾರಿಗೆ ಆಗುತ್ತೋ ಅವರಿಗೆ ಅಷ್ಟು ಬೇಕಾಗಿಲ್ಲ.

ಒಂದು ವಿಚಿತ್ರ ಮಾತ್ರ ಉಳೀತು. ಬದುಕಿದ ತುಂಬಾ ರೋಗಿಗಳು ನಮಗೆ ಆರಾಮ ಆಗಿದೆ, ಮೆಟ್ಲು ಹತ್ತೀವಿ ಅಂತಿದ್ರು, ಅಳೆದು ನೋಡಿದ್ರೆ ಹಾರ್ಟ್ ಪಂಪ್ ಮಾಡೋ ಲೆಕ್ಕ ಅಷ್ಟೇನೂ ಏರಿರ್ಲಿಲ್ಲ. ಯಾಕೆ ಅಂತ ತಲೆ ಕೆರ್ಕೊಂಡಾಗ ಹೊಳೆದದ್ದು, ಸ್ನಾಯು ಹಿಂಡಿದ್ದಕ್ಕಿಂತ ಸುಮ್ನೆ ಸುತ್ಕೊಂಡು ಕೂತಿದ್ದೇ ಉಪಕಾರ ಮಾಡಿರ್ಬೇಕು ಅಂತ. ಸೋತ ಹಾರ್ಟು ದಿನೇ ದಿನೇ ಊದಿಕೊಂಡು ತೆಳ್ಳಗಾಗ್ತಾ ಹೋಗುತ್ತೆ, ನಡುಕಟ್ಟು ಬಿಗಿದ ಹಾಗೆ ಸುತ್ತ ಏನೋ ಹಿಡಿದುಕೊಂಡ್ರೆ ಆ ಊದೋದು ನಿಧಾನ ಆಗುತ್ತೆ. ಅದನ್ನೇ ಹಿಡ್ಕೊಂಡು ಆಮೇಲೆ ಸ್ನಾಯುನೇ ಬೇಡ, ಬಲೆಯ ಚೀಲ ಹಾಕಿದ್ರೆ ಸಾಕು ಅಂತ ಅದನ್ನೂ ಮಾಡಿ ನೋಡಿದ್ರು, ಅದೂ ಚಿಕಿತ್ಸೆಯಾಗಿ ನೆಲೆ ನಿಲ್ಲಲಿಲ್ಲ. ಅಮೆರಿಕದಲ್ಲಿ ಕಾರ್ಡಿಯೋಮಯೋಪ್ಲಾಸ್ಟಿಯ ಸರಿಯಾದ ಹೋಲಿಕೆ ಟ್ರಯಲ್ ಒಂದು ಶುರುವಾಗಿತ್ತು, ಅರ್ಧ ಜನಕ್ಕೆ ಆಪರೇಷನ್ ಅರ್ಧ ಜನಕ್ಕೆ ಮಾತ್ರೆ ಅನ್ನೋ ಥರದ್ದು, ರೋಗಿಗಳು ಬೇಕಾದಷ್ಟು ಬೇಗ ಸಿಗ್ದೆ 1990ರ ದಶಕದ ಕೊನೇಲಿ ಅರ್ಧಕ್ಕೇ ನಿಲ್ತು. ಅಷ್ಟೊತ್ತಿಗೆ ಮಾತ್ರೆಗಳೂ ಸುಧಾರಿಸಿದ್ವು, ಮಷಿನ್ ಪಂಪೂ ಬಂದಿತ್ತು. ಕಂಪನಿ ಕೈ ತೊಳ್ಕೊಳ್ತು.

ನನಗೆ ಹೊಟ್ಟೆ ಉರಿಯೋದು ಏನಂದ್ರೆ ತಪ್ಪು ಎಲ್ಲಿ ಅಂತ ಗೊತ್ತಾಗ್ತಿರೋ ಹೊತ್ತಿಗೇ ಅಂಗಡಿ ಮುಚ್ಚಿತು. ಇಟಲಿಯ ಪಾಡೋವಾದಲ್ಲಿ ಉಗೊ ಕರಾರೊ ಮತ್ತು ಅವರ ಜೊತೆಯವರು ಸ್ನಾಯುವಿಗೆ ದಿನಾ ಕೆಲವು ಗಂಟೆ ರಜೆ ಕೊಡೋದನ್ನ ಶುರು ಮಾಡಿದ್ರು, ರೋಗಿ ಮಲಗಿದಾಗ ಹಾರ್ಟಿಗೆ ಅಷ್ಟು ಸಹಾಯ ಬೇಡ, ಆಗ ಸ್ಟಿಮ್ಯುಲೇಟರ್ ಬಂದ್. ಹಾಗೆ ಮಾಡಿದ್ರೆ ಸ್ನಾಯು ಪೂರ್ತಿ ಗಾಣದ ಎತ್ತಾಗಲ್ಲ, ಸ್ವಲ್ಪ ಚುರುಕು ಉಳ್ಕೊಳ್ಳುತ್ತೆ. ಇಂಗ್ಲೆಂಡಿನ ಲಿವರ್ಪೂಲಲ್ಲಿ ಅದೇ ಸಾಮನ್ಸ್ ಮೊಲಗಳಲ್ಲಿ ಇನ್ನೊಂದು ದಾರಿ ತೋರಿಸಿದ್ರು, ಸೆಕೆಂಡಿಗೆ ಹತ್ತರ ಬದಲು ಎರಡೂವರೆಯ ಲಯದಲ್ಲಿ ಕೊಟ್ರೆ ಸ್ನಾಯು ಮಧ್ಯದಲ್ಲೇ ನಿಲ್ಲುತ್ತೆ, ಸುಸ್ತೂ ಕಮ್ಮಿ, ವೇಗವೂ ಪೂರ್ತಿ ಹೋಗಲ್ಲ, ತಿಂಗಳುಗಟ್ಲೆ ಹಂಗೇ ಇರುತ್ತೆ, ಸ್ನಾಯು ಹಾಳಾಗೋದೂ ಕಮ್ಮಿ. ನಮ್ಮಜ್ಜನೂ ಹೊತ್ತು ನೆತ್ತಿಗೆ ಬರೋ ಮುಂಚೆ ನೊಗ ಬಿಚ್ಚಿ ನೆರಳಿಗೆ ಕಟ್ತಿದ್ರು, ಇನ್ನೊಂದು ಸಾಲು ಹೊಡೀಬಹುದಿತ್ತಲ್ಲ ಅಂದ್ರೆ ಬೈಗುಳ ತಿನ್ನಬೇಕಿತ್ತು. ಮೊದಲ ರೋಗಿಗಳ ಸ್ನಾಯುವಿಗೆ ಆ ನೆರಳು ಸಿಗ್ಲಿಲ್ಲ, ಹಗಲೂ ರಾತ್ರಿ ದುಡಿಸಿದ್ರು.

ಹಾರ್ಟಿಗೆ ಸುತ್ತೋದೇ ಒಳ್ಳೇ ವಿಧಾನ ಅಲ್ಲ ಅನ್ನೋರೂ ಇದ್ರು. ಲ್ಯಾರಿ ಸ್ಟೀಫನ್ಸನ್ ಅನ್ನೋ ಅಮೆರಿಕದ ಸರ್ಜನ್ ತಂಡ ಸ್ನಾಯುವನ್ನ ಚೀಲದ ಹಾಗೆ ಸುತ್ತಿ, ಪಳಗಿಸಿ, ಅದನ್ನೇ ಪಕ್ಕದ ಒಂದು ಪುಟ್ಟ ಪಂಪ್ ಮಾಡಿ ನಾಯಿಗಳ ರಕ್ತನಾಳಕ್ಕೆ ಜೋಡಿಸಿದ್ರು, ಕೆಲವು ನಾಯಿಗಳಲ್ಲಿ ಅದು ವರ್ಷದ ಮೇಲೆ ದುಡೀತು. ಕಾರ್ನೆಗಿ ಮೆಲನ್ ಯೂನಿವರ್ಸಿಟಿಯ ಡೆನಿಸ್ ಟ್ರಂಬಲ್ ಸ್ನಾಯುವನ್ನ ಸುತ್ತೋದೇ ಬೇಡ, ಅದು ಹುಟ್ಟಿದಾಗಿಂದ ಮಾಡ್ತಿರೋ ಹಾಗೆ ನೇರವಾಗಿ ಎಳೀಲಿ, ಆ ಎಳೆತದಿಂದ ಒಳಗಿರೋ ಪಂಪ್ ಓಡಿಸೋಣ ಅಂತ ಕೆಲಸ ಮಾಡಿದ್ದಾರೆ. ನನ್ನ ಕೇಳಿದ್ರೆ ಈ ದಾರೀನೇ ಸರಿ ಅಂತೀನಿ. ಹಾರ್ಟಿನ ಎಡಭಾಗಕ್ಕೆ ಸುಮ್ನೆ ಕೂತಿರುವಾಗ ಬೇಕಾಗಿರೋದು ಹೆಚ್ಚುಕಮ್ಮಿ ಒಂದು ವ್ಯಾಟಿನ ಪವರ್ ಅಷ್ಟೇ, ದೇವರ ಮನೇಲಿ ಉರಿಯೋ ಸಣ್ಣ ಎಲ್ಇಡಿ ಬಲ್ಬಿನಷ್ಟು. ಆದ್ರೆ ಇವೆಲ್ಲ ಲ್ಯಾಬಿನ ಮಾತು, ನಿಮ್ಮ ತಂದೆಗೆ ಈಗ ಆಗೋದಲ್ಲ.

ಈಗ ಮನೆ ವಿಷಯ.

ಟೆನ್ಸ್ ಯಾಕೆ ಬೇಡ ಅಂದ್ರೆ, ಒಂದು, ಆ ಮಷಿನ್ ಚರ್ಮದ ನೋವಿನ ನರಕ್ಕೆ ಕಚಗುಳಿ ಇಡೋದಕ್ಕೆ ಮಾಡಿರೋದು, ಸ್ನಾಯು ಪಳಗಿಸೋದಕ್ಕಲ್ಲ. ಎರಡು, ಪಳಗಿಸಿದ್ರೂ ಅದನ್ನ ಸುತ್ತೋ ಆಪರೇಷನ್ನೇ ಇಲ್ಲ, ಮಾಡಿ ಏನುಪಯೋಗ. ಮೂರು, ಇದೇ ಮುಖ್ಯ, ಇ.ಎಫ್ 35ರ ಕೆಳಗೆ ಇರೋರಿಗೆ ಎಷ್ಟೋ ಸಲ ಐಸಿಡಿ ಅನ್ನೋ ಡಬ್ಬಿ ಹಾಕಿರ್ತಾರೆ ಅಥವಾ ಹಾಕೋಕೆ ಹೇಳ್ತಾರೆ, ಹಾರ್ಟ್ ಲಯ ತಪ್ಪಿದ್ರೆ ಶಾಕ್ ಕೊಟ್ಟು ಎಬ್ಬಿಸೋದು. ಹೊರಗಿಂದ ಎದೆ ಬೆನ್ನಿಗೆ ಕರೆಂಟ್ ಕೊಟ್ರೆ ಆ ಡಬ್ಬಿ ಅದನ್ನೇ ಹಾರ್ಟಿನ ಸಿಗ್ನಲ್ ಅಂತ ತಪ್ಪು ತಿಳ್ಕೊಂಡು ಶಾಕ್ ಹೊಡೆದುಬಿಡಬಹುದು. ಅಪ್ಪನಿಗೆ ಐಸಿಡಿ ಇಲ್ಲದಿದ್ರೂ ಸೋತ ಹಾರ್ಟಿನ ಎದುರು ಈ ಆಟ ಬೇಡ.

ಆದ್ರೆ ನಿಮ್ಮ ಐಡಿಯಾದಲ್ಲಿ ಒಂದು ಕಾಳು ಸತ್ಯ ಇದೆ, ಬೆನ್ನಲ್ಲಲ್ಲ ಕಾಲಲ್ಲಿ. ಹಾರ್ಟ್ ಸೋತಾಗ ಕಾಲಿನ ಸ್ನಾಯುವೂ ಕೆಡುತ್ತೆ, ಮೇಲೆ ಹೇಳಿದ ಮೆರವಣಿಗೆಯ ಉಲ್ಟಾ, ನಿಧಾನದ ಎಳೆಗಳು ಕಮ್ಮಿ ಆಗಿ ಬೇಗ ಸುಸ್ತಾಗೋ ಎಳೆಗಳು ಜಾಸ್ತಿ, ಮೈಟೋಕಾಂಡ್ರಿಯಾ ಕಮ್ಮಿ, ಕೂದಲೆಳೆ ನಾಳ ಕಮ್ಮಿ. ಅಪ್ಪ ಮೆಟ್ಲು ಹತ್ತಿದ್ರೆ ಏದುಸಿರು ಬಿಡೋದ್ರಲ್ಲಿ ಹಾರ್ಟಿನ ಪಾಲಿನ ಜೊತೆಗೆ ಕಾಲಿನ ಪಾಲೂ ಇದೆ. ಇದನ್ನ ತಿರುಗಿಸೋದಕ್ಕೆ ದಿನಾ ನಡೆಯೋದೇ ಕರೆಂಟು. ಕಾರ್ಡಿಯಾಕ್ ರಿಹ್ಯಾಬ್ ಅಂತಾರಲ್ಲ, ಅದರ ತಿರುಳು ಇದೇ. ಆದ್ರೆ ನಿಮ್ಮ ತೋಟದ ಏರು ದಾರಿ ಬೇಡ, ಮನೆ ಮುಂದೆ ಕಾಫಿ ಒಣಗಿಸೋ ಕಣ ಇದ್ರೆ ಅದು ಸಪಾಟು, ಅಲ್ಲಿ ಡಾಕ್ಟರ್ ಎಷ್ಟು ನಿಮಿಷ ಅಂತ ಹೇಳ್ತಾರೋ ಅಷ್ಟರಿಂದ ಶುರು ಮಾಡಿ, ನಡೀತಾ ಮಾತಾಡೋಕೆ ಆಗ್ಬೇಕು, ಮಾತು ಕಟ್ಟಿದ್ರೆ ನಿಲ್ಲಿಸಿ ಕೂರಿಸಿ. ವಾರಕ್ಕಿಷ್ಟು ಅಂತ ಏರಿಸಿ. ನಡೆಯೋಕೇ ಆಗದೋರಿಗೆ ಆಸ್ಪತ್ರೆಯಲ್ಲಿ ಫಿಸಿಯೋ ತೊಡೆಯ ಸ್ನಾಯುವಿಗೆ ಕರೆಂಟ್ ಕೊಟ್ಟು ಮಾಡಿಸೋದೂ ಇದೆ, ಅದು ಬೇರೆ ಮಷಿನ್ನು, ಬೇರೆ ಲೆಕ್ಕ, ಮನೇಲಿ ಮಾಡೋದಲ್ಲ.

ಮಾತ್ರೆ ಕಡೆ ಡಾಕ್ಟರ ಹತ್ರ ಕೇಳ್ಬೇಕಾದ್ದು ಇಷ್ಟು. ಈಗ ಹಾರ್ಟ್ ಫೇಲ್ಯೂರಿಗೆ ನಾಲ್ಕು ಬಗೆ ಮಾತ್ರೆ ಒಟ್ಟಿಗೆ ಕೊಡೋ ಪದ್ಧತಿ ಇದೆ: ಬೀಟಾ ಬ್ಲಾಕರ್, ಸಾಕ್ಯುಬಿಟ್ರಿಲ್ ವಾಲ್ಸಾರ್ಟನ್ ಜೋಡಿ, ಸ್ಪೈರೋನೋಲ್ಯಾಕ್ಟೋನ್ ಥರದ್ದು, ಮತ್ತೆ ಮೊದಲು ಶುಗರಿಗೆ ಅಂತ ಬಂದು ಈಗ ಶುಗರ್ ಇಲ್ಲದೋರಿಗೂ ಕೊಡೋ ಡಾಪಾಗ್ಲಿಫ್ಲೋಜಿನ್ ಗುಂಪಿಂದು. ನಾಲ್ಕೂ ಇದಾವಾ, ಇಲ್ದಿದ್ರೆ ಕಾರಣ ಏನು, ಕಿಡ್ನಿನಾ ಬಿಪಿನಾ ಪೊಟ್ಯಾಸಿಯಮ್ಮಾ, ಇದನ್ನ ಕೇಳೋದ್ರಲ್ಲಿ ತಪ್ಪಿಲ್ಲ, ನೀವೇ ಮೆಡಿಕಲ್ ಶಾಪಿಂದ ತಂದು ಕೊಡೋದು ಮಾತ್ರ ತಪ್ಪು. ಐಸಿಡಿ ಬೇಕಾ, ಇಸಿಜಿಯಲ್ಲಿ ಅಗಲದ ಗೆರೆ ಇದ್ರೆ ಹಾರ್ಟಿನ ಎರಡೂ ಕಡೆ ಒಟ್ಟಿಗೆ ಹಿಂಡೋ ಹಾಗೆ ಮಾಡೋ ಸಿಆರ್ಟಿ ಪೇಸ್ಮೇಕರ್ ಉಪಯೋಗ ಆಗುತ್ತಾ ಅಂತಲೂ ಕೇಳಿ. ಇವೆಲ್ಲ ಆದ ಮೇಲೂ ಇಳೀತಾ ಹೋದ್ರೆ ಆಗ ಹಾರ್ಟ್ ಕಸಿ ಮಾತು, ನಮ್ಮ ರಾಜ್ಯದಲ್ಲಿ ಅದರ ಪಟ್ಟಿ ಸರ್ಕಾರದ ಅಂಗದಾನ ಸಂಸ್ಥೆ ಜೀವಸಾರ್ಥಕತೆ ಮೂಲಕ ನಡೆಯುತ್ತೆ. ಹಾರ್ಟಿನ ಎಡಭಾಗಕ್ಕೆ ಒತ್ತಾಸೆಯಾಗಿ ಮೈಯೊಳಗೆ ಕೂರಿಸೋ, ಹಾರ್ಟ್ಮೇಟ್ 3 ಥರದ ಎಲ್ವಿಎಡಿ ಪಂಪೂ ಇದೆ, ಹತ್ತಾರು ಲಕ್ಷದ ಬಾಬತ್ತು, ಹೊಟ್ಟೆಯಿಂದ ಒಂದು ವೈರ್ ಹೊರಗೆ ಬಂದಿರುತ್ತೆ, ಆ ಜಾಗ ಕೀವಾಗದ ಹಾಗೆ ನೋಡ್ಕೊಳ್ಬೇಕು, ಬ್ಯಾಟರಿ ಚಾರ್ಜಿಗೆ ದಿನಾ ಕರೆಂಟ್ ಬೇಕು, ಅದಕ್ಕೇ ಮೇಲೆ ನಿಮ್ಮೂರ ಮಳೆಗಾಲದ ವಿಷಯ ಎತ್ತಿದ್ದು.

2025ರ ಜೂನ್ ಜುಲೈನಲ್ಲಿ ಹಾಸನದಲ್ಲಿ ಹಾರ್ಟ್ ಅಟ್ಯಾಕ್ ಸಾವುಗಳ ಸುದ್ದಿ ಓಡಾಡಿ ಜನ ಹೆದರಿ ಮೈಸೂರು ಬೆಂಗಳೂರಿನ ಜಯದೇವ ಹಾರ್ಟ್ ಆಸ್ಪತ್ರೆಗೆ ಬೆಳಗಾಗೋದ್ರೊಳಗೆ ಸಾಲು ನಿಂತಿದ್ದು ನಿಮಗೂ ಗೊತ್ತು. ಆಗ ನನ್ನ ಹತ್ರ ಬಂದೋರೆಲ್ಲ ಹೊಸ ಆಪರೇಷನ್ ಯಾವುದಿದೆ ಅಂತಾನೇ ಕೇಳ್ತಿದ್ರು, ಒಬ್ರೂ ಮನೇಲಿ ತೂಕದ ಮಷಿನ್ ಇಟ್ಕೊಂಡಿರ್ಲಿಲ್ಲ. ನೀವು ಒಂದು ತನ್ನಿ. ಬೆಳಿಗ್ಗೆ ಎದ್ದು ಒಂದಕ್ಕೆ ಹೋಗಿ ಬಂದ ಮೇಲೆ, ಕಾಫಿಗೆ ಮುಂಚೆ, ಅಪ್ಪನ್ನ ನಿಲ್ಲಿಸಿ ತೂಕ ನೋಡಿ ಕ್ಯಾಲೆಂಡರಲ್ಲಿ ಆ ದಿನದ ಚೌಕದಲ್ಲೇ ಬರೀರಿ. ಎರಡು ಮೂರು ದಿನದಲ್ಲಿ ಎರಡು ಕೆಜಿ ಏರಿದ್ರೆ ಅದು ಊಟದ ತೂಕ ಅಲ್ಲ, ನೀರು ತುಂಬ್ಕೊಳ್ತಿರೋದು, ಕಾಲು ಊದೋವರೆಗೂ ಕಾಯದೆ ಡಾಕ್ಟರಿಗೆ ಅವತ್ತೇ ಫೋನ್ ಮಾಡಿ. ಕಡುಬು ಅಕ್ಕಿ ರೊಟ್ಟಿ ತಿನ್ಲಿ ಪರವಾಗಿಲ್ಲ, ಅದರ ಜೊತೆಗಿನ ಉಪ್ಪಿನಕಾಯಿ, ಹಪ್ಪಳ, ಒಣಮೀನು ಬಂದ್. ರೈಟರ್ ಆಗಿದ್ದೋರು, ಆಳುಗಳ ಹಾಜರಿಯ ಚೆಕ್ ರೋಲ್ ಬರೆದು ಬರೆದು ಕೈ ಪಳಗಿರುತ್ತೆ, ತೂಕದ ಲೆಕ್ಕ ಅವರ ಕೈಲೇ ಬರೆಸಿ.